ಯಂತ್ರಕ್ಕೆ ಕಟ್ಟಿದ ಬೆಲೆ: ಅಮೆರಿಕದ ಪಶ್ಚಿಮ ಕರಾವಳಿಯ ಬಂದರು ಕಾರ್ಮಿಕರು

ಅಮೆರಿಕದ ಪಶ್ಚಿಮ ಕರಾವಳಿಯ ಬಂದರು ಕಾರ್ಮಿಕರಿಗೆ 1934ರ ಮುಷ್ಕರದಿಂದ ದೊರೆತ ದೊಡ್ಡ ಗಳಿಕೆ ಕೂಲಿಯ ಹೆಚ್ಚಳವಲ್ಲ, ಕೆಲಸ ಹಂಚಿಕೆಯ ಕೇಂದ್ರ. ಅದುವರೆಗೆ ದಿನವೂ ಬೆಳಗ್ಗೆ ಹಡಗುಕಟ್ಟೆಯ ಮುಂದೆ ನಿಂತು ಮೇಸ್ತ್ರಿಯ ಕೃಪೆಗಾಗಿ ಕಾಯಬೇಕಿತ್ತು. ಅನಂತರ ಸಂಘವು ಆರಿಸಿದ ವ್ಯಕ್ತಿಯೇ ಸರದಿಯಂತೆ ಕೆಲಸ ಹಂಚತೊಡಗಿದ. ತಂಡದಲ್ಲಿ ಎಷ್ಟು ಜನರಿರಬೇಕು, ಒಮ್ಮೆಗೆ ಎಷ್ಟು ಭಾರ ಎತ್ತಬೇಕು ಎಂಬ ಕಟ್ಟಳೆಗಳೂ ಕ್ರಮೇಣ ಬೇರೂರಿದವು.

1956ರಲ್ಲಿ ಪೂರ್ವದ ನ್ಯೂಆರ್ಕ್‌ನಿಂದ ‘ಐಡಿಯಲ್ ಎಕ್ಸ್’ ಹಡಗು 58 ಕಂಟೇನರುಗಳನ್ನು ಹೊತ್ತು ಹ್ಯೂಸ್ಟನ್‌ಗೆ ಸಾಗಿತು. ಯಂತ್ರದ ಬರವನ್ನು ತಡೆಯಲಾಗದೆಂದು ಮನಗಂಡ ಪಶ್ಚಿಮದ ಸಂಘದ ಅಧ್ಯಕ್ಷ ಹ್ಯಾರಿ ಬ್ರಿಜಸ್, ಅದಕ್ಕೆ ಬೆಲೆ ಕಟ್ಟುವ ಮಾರ್ಗ ಹಿಡಿದರು. 1960ರ ಒಪ್ಪಂದದಂತೆ ಸಂಘವು ಹಳೆಯ ಕಟ್ಟಳೆಗಳನ್ನು ಸಡಿಲಿಸಿತು. ಮಾಲೀಕರು ಐದೂವರೆ ವರ್ಷಗಳಲ್ಲಿ 2.9 ಕೋಟಿ ಡಾಲರ್ ನಿಧಿ ನೀಡಲೊಪ್ಪಿದರು. 25 ವರ್ಷ ದುಡಿದು 65ನೆಯ ವಯಸ್ಸಿನಲ್ಲಿ ನಿವೃತ್ತನಾದವನಿಗೆ 7,920 ಡಾಲರ್. ಪೂರ್ಣ ನೋಂದಾಯಿತರನ್ನು ಯಂತ್ರದ ಕಾರಣದಿಂದ ತೆಗೆಯುವಂತಿರಲಿಲ್ಲ. ಸಂಘದಲ್ಲಿ ಮತಾಧಿಕಾರವಿಲ್ಲದ ‘ಬಿ’ ವರ್ಗದವರು ಮಾತ್ರ ಈ ರಕ್ಷಣೆಯ ಹೊರಗುಳಿದರು. ಬ್ರಿಜಸ್‌ರ ದೂರದೃಷ್ಟಿಯನ್ನು ಹೊಗಳುವವರು ಈ ಸಂಗತಿಯನ್ನು ಮರೆಯುವುದೇ ಹೆಚ್ಚು.

ನಿಜವಾದ ನಷ್ಟ ತಿಳಿದದ್ದು ತಡವಾಗಿ. 1966ರ ಒಪ್ಪಂದದ 9.43ನೆಯ ವಿಧಿಯು ಕ್ರೇನು ಚಾಲಕರಂಥ ನುರಿತವರನ್ನು ಸರದಿಯ ಹೊರಗೆ ಕಾಯಂ ಆಗಿ ಇರಿಸಿಕೊಳ್ಳಲು ಮಾಲೀಕರಿಗೆ ಎಡೆಮಾಡಿಕೊಟ್ಟಿತು. ನಿಧಿಯ ಲೆಕ್ಕದಲ್ಲಿ ಇದಕ್ಕೆ ಬೆಲೆಯೇ ಇರಲಿಲ್ಲ. ಆದರೆ 1934ರ ಗಳಿಕೆಯ ಬುಡಕ್ಕೇ ಪೆಟ್ಟು ಬಿದ್ದಿತ್ತು. 1971–72ರಲ್ಲಿ ನಡೆದ 134 ದಿನಗಳ ಮುಷ್ಕರದ ಮುಖ್ಯ ಕಾರಣಗಳಲ್ಲಿ ಇದೂ ಒಂದು. ಮುಷ್ಕರ ಮುಗಿದ ಮೇಲೂ ಆ ವಿಧಿ ಒಪ್ಪಂದದಲ್ಲಿ ಉಳಿದುಕೊಂಡಿತು.