ಅಳಿಯದ ರುಜು

ಕುಂತೂರಿನಲ್ಲಿ ನಮ್ಮ ಬಂಧುಗಳೊಬ್ಬರ ಮನೆಯ ಪಡಸಾಲೆಯಲ್ಲಿ ಒಂದು ಕ್ರಿಕೆಟ್ ದಾಂಡನ್ನು ತೂಗುಹಾಕಿದ್ದಾರೆ. ಆಟಗಾರರ ರುಜುಗಳು ಅದರ ಮೈಮೇಲೆ ಇದ್ದುವು. ಇದ್ದುವು ಎಂದೇ ಹೇಳಬೇಕು. ಎದುರಿನ ಕಿಟಕಿಯಿಂದ ಬೆಳಗಿನ ಬಿಸಿಲು ಅದರ ಮೇಲೆ ಬೀಳುತ್ತಿತ್ತು. ಮನೆಯ ಯಜಮಾನರು ಭಕ್ತಿಯಿಂದ ಆಗಾಗ ಅಗಸೆ ಎಣ್ಣೆಯನ್ನೂ ಸವರುತ್ತಿದ್ದರು. ಇಪ್ಪತ್ತು ವರ್ಷ ಕಳೆಯುವಷ್ಟರಲ್ಲಿ ಹೆಸರುಗಳೆಲ್ಲ ಮಾಸಿ ಕಂದು ಕಲೆಗಳಾದುವು. ಒಂದು ಹೆಸರು ಮಾತ್ರ ಉಳಿದಿದೆ. ಅದರ ಮಸಿಯೂ ಹೋಗಿದೆ. ಆದರೆ ಬರೆದಾತ ಬಾಲ್‌ಪೆನ್ನನ್ನು ಒತ್ತಿ ಹಿಡಿದಿದ್ದುದರಿಂದ ಮರದಲ್ಲಿ ಗೀರು ಬಿದ್ದಿದೆ. ದಾಂಡನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಆ ಗೀರನ್ನು ಓದಬಹುದು.

ಪ್ರೀತಿಯಿಂದ ಕಾಪಾಡಿದ ವಸ್ತು ಪ್ರೀತಿಯಿಂದಲೇ ಹಾಳಾಯಿತಲ್ಲ ಎಂದು ಅವರಿಗೆ ದುಃಖ. ತಪ್ಪು ಎಲ್ಲಿ ಆಯಿತು? ಇದಕ್ಕೆ ಉತ್ತರವನ್ನು ಅಂಗಡಿಯಲ್ಲಿ ಹುಡುಕುವುದಕ್ಕೆ ಮೊದಲು ಚರಿತ್ರೆಯಲ್ಲಿ ಹುಡುಕುವುದು ಲೇಸು.

ಪರಾಕ್ರಮದ ನೆನಪನ್ನು ಬರೆದಿಡುವ ಆಸೆ ನಮ್ಮವರಿಗೆ ಹೊಸದಲ್ಲ. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನವನ್ನು ನೋಡಿ. ತಕ್ಕೋಲದ ಕಾಳಗದಲ್ಲಿ ಶೌರ್ಯ ಮೆರೆದ ಮಣಲೇರನಿಗೆ ಗಂಗರ ದೊರೆ ಬೂತುಗನು ಮೆಚ್ಚಿ, ಏನು ಬೇಕೋ ಕೇಳೆಂದನಂತೆ. ಮಣಲೇರ ಕೇಳಿದ್ದು ಕಾಳಿಯೆಂಬ ಬೇಟೆನಾಯಿಯನ್ನು. ಆ ನಾಯಿ ದೊಡ್ಡ ಹಂದಿಯೊಂದಿಗೆ ಸೆಣಸಿತು, ಎರಡೂ ಸತ್ತುವು. ಅದರ ನೆನಪಿಗೆ ಕಲ್ಲು ನಿಂತಿತು. 10ನೆಯ ಶತಮಾನದ ಈ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಬೇಟೆಯೂ ಒಂದು ಆಟವೆಂದು ಎಣಿಸಿದರೆ, ಸಾವಿರ ವರ್ಷ ದಾಟಿದ ಕ್ರೀಡಾಸ್ಮಾರಕ ಅದು. ಕಲ್ಲಿಗೆ ತಕ್ಕ ಲೇಖನಿ ಉಳಿ.

ತಾಳೆಗರಿಗೆ ಉಳಿ ಸಲ್ಲದು, ಬರಿಯ ಮಸಿಯೂ ಹತ್ತದು. ಆದ್ದರಿಂದ ಕಬ್ಬಿಣದ ಕಂಠದಿಂದ ಅಕ್ಷರ ಕೊರೆದು, ಮೇಲೆ ಕಾಡಿಗೆ ತಿಕ್ಕಿ ಒರೆಸುತ್ತಿದ್ದರು. ಕಾಡಿಗೆ ಗೀರಿನಲ್ಲಿ ನಿಲ್ಲುತ್ತಿತ್ತು. ಅದು ಮಾಸಿದರೂ ಮತ್ತೊಮ್ಮೆ ತಿಕ್ಕಿದರೆ ಅಕ್ಷರ ಎದ್ದು ಕಾಣುತ್ತಿತ್ತು. ಆರ್. ಶಾಮಶಾಸ್ತ್ರಿಗಳು ಮೈಸೂರಿನಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವನ್ನು ಕಂಡು 1909ರಲ್ಲಿ ಅಚ್ಚು ಹಾಕಿಸಿದ್ದು ಇಂಥ ಗರಿಗಳಿಂದಲೇ. ಶಾನುಭೋಗರ ಕಡತವೋ ಬೇರೆ ಬಗೆ: ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಲಿನ ಪುಡಿಯನ್ನೂ ಬಳಿದು ಕಪ್ಪು ಮಾಡಿ, ಬಿಳಿಯ ಬಳಪದಿಂದ ಬರೆಯುವುದು. ಅಳಿಸಿ ಬರೆಯಬೇಕಾದ ಲೆಕ್ಕಕ್ಕೆ ಅದೇ ಸರಿ.

ಕಾಗದ ಬಂದ ಮೇಲೆ ಮಸಿಯ ಆಳಿಕೆ. ನಮ್ಮ ಬಿಳಿಗಿರಿಯ ಕಾಡಿನಲ್ಲಿ ಸೋಲಿಗರು ಆಯ್ದು ತರುವ ಅಳಲೆಕಾಯಿ ಮಸಿಗೂ ಬೇಕಾದ ಸರಕು. ಅಳಲೆಯ ಒಗರು ಕಷಾಯಕ್ಕೆ ಅನ್ನಭೇದಿ ಸೇರಿದರೆ ಕಪ್ಪು ಮಸಿ. ಬರೆದಾಗ ತೆಳುವಾಗಿ ಕಂಡರೂ ಗಾಳಿ ತಗುಲಿದಂತೆ ಕಪ್ಪೇರಿ, ಕಾಗದದ ನಾರಿನೊಳಕ್ಕೆ ಇಳಿಯುತ್ತದೆ. ಹುಳಿ ಹೆಚ್ಚಾದರೆ ಕಾಗದವನ್ನು ತಿನ್ನುವುದೂ ಉಂಟು.

1884ರಲ್ಲಿ ವಾಟರ್‌ಮನ್ ಎಂಬಾತ ಫೌಂಟನ್ ಪೆನ್ನಿಗೆ ಪೇಟೆಂಟ್ ಪಡೆದ. ಆ ಪೆನ್ನುಗಳಿಗೆ ತುಂಬುತ್ತಿದ್ದ ನೀಲಿ-ಕಪ್ಪು ಮಸಿಗಳಲ್ಲಿ ಹಲವು ಇದೇ ಕುಲದವು. ಅಂಥ ಮಸಿಯಿಂದ ಪುಸ್ತಕದಲ್ಲಿ ಹಾಕಿಸಿಕೊಂಡ ರುಜು, ಪುಸ್ತಕ ಮುಚ್ಚಿಯೇ ಇರುವುದರಿಂದ, ಬಹುಕಾಲ ಬಾಳುತ್ತದೆ.

ನಮ್ಮ ಸೀಮೆಯವರಿಗೆ ಯಾರ ರುಜು ಬೇಕೆನ್ನುವುದೇ ಒಂದು ಕಾಲಕ್ಕೆ ತೊಡಕಿನ ಪ್ರಶ್ನೆಯಾಗಿದ್ದಿರಬೇಕು. 1934ರ ನವೆಂಬರ್ 4ರಂದು ರಣಜಿ ಪಂದ್ಯಾವಳಿಯ ಮೊತ್ತಮೊದಲ ಪಂದ್ಯ ಚೆಪಾಕಿನಲ್ಲಿ ಮದರಾಸಿಗೂ ಮೈಸೂರಿಗೂ ನಡೆಯಿತು. ಮದರಾಸು ಒಂದೇ ದಿನದಲ್ಲಿ ಗೆದ್ದಿತು. ಆಗ ಕೊಳ್ಳೇಗಾಲ ಕೊಯಮತ್ತೂರು ಜಿಲ್ಲೆಗೆ, ಅಂದರೆ ಮದರಾಸಿಗೆ, ಸೇರಿತ್ತು, ಮನೆಮಾತು ಕನ್ನಡ! 1956ರಲ್ಲಿ ಆ ತೊಡಕು ತೀರಿತು. 1974ರಲ್ಲಿ ಪ್ರಸನ್ನರ ನಾಯಕತ್ವದ ಕರ್ನಾಟಕವು, ಹದಿನೈದು ವರ್ಷ ಸತತವಾಗಿ ಗೆದ್ದಿದ್ದ ಮುಂಬಯಿಯನ್ನು ಸೆಮಿಫೈನಲಿನಲ್ಲಿ ಮಣಿಸಿ, ರಾಜಸ್ಥಾನವನ್ನು ಸೋಲಿಸಿ ರಣಜಿ ಟ್ರೋಫಿ ತಂದಿತು. ಅಂಥ ಗೆಲವುಗಳ ಮೇಲೆ ರುಜು ಬೇಡುವ ಕೈಗಳು ಹೆಚ್ಚಾದುವು. ಪುಸ್ತಕ ಸಾಲದೆ ದಾಂಡು, ಚೆಂಡು, ಅಂಗಿಗಳು ಮುಂದೆ ಬಂದುವು.

ಅಷ್ಟರಲ್ಲಿ ಲೇಖನಿಯೂ ಬದಲಾಗಿತ್ತು. ಹಂಗೇರಿಯ ಬೀರೋ 1938ರಲ್ಲಿ ಪೇಟೆಂಟ್ ಪಡೆದ ಬಾಲ್‌ಪೆನ್ನು ಎರಡನೆಯ ಮಹಾಯುದ್ಧದ ತರುವಾಯ ಲೋಕವೆಲ್ಲ ಹರಡಿತು. 1950ರ ದಶಕದಿಂದ ಮಾರ್ಕರುಗಳು ಬಂದುವು. ಇವು ನಯವಾದ ಮೈಗೂ ಹತ್ತುತ್ತವೆ, ಬೇಗ ಒಣಗುತ್ತವೆ. ಆದರೆ ಇವುಗಳಲ್ಲಿ ಹಲವು ಮಸಿಗೆ ಬರಿಯ ಬಣ್ಣ ಕರಗಿಸಿದವು. ಕರಗಿದ ಬಣ್ಣವನ್ನು ಬಿಸಿಲು ಮುರಿದುಹಾಕುತ್ತದೆ. ಬಣ್ಣದ ಕಣಗಳೇ ತೇಲುವ ಮಸಿ ಹೆಚ್ಚು ತಾಳುತ್ತದೆ. ತಾಳೆಗರಿಯ ಕಾಡಿಗೆ ಆ ಜಾತಿಯದು. ‘ಪರ್ಮನೆಂಟ್’ ಎಂದು ಬರೆದಿರುವುದು ನೀರಿಗೆ ಅಳಿಯದೆಂಬ ಮಾತು, ಬಿಸಿಲಿಗೆ ಮಾಸದೆಂಬ ಮಾತಲ್ಲ.

ಹೀಗಿರಲು ಆಯ್ಕೆ ಹೇಗೆ? ಎಣ್ಣೆ ಹಚ್ಚದ ಒಣ ದಾಂಡಿಗೆ ಕಣದ ಮಸಿಯ ಸಣ್ಣಮೊನೆಯ ಕಪ್ಪು ಪೆನ್ನು ಯುಕ್ತ. ಎಣ್ಣೆಯ ಮೈಯಲ್ಲಿ ಮಸಿ ಹರಡುತ್ತದೆ. ಮೆರುಗಿನ ಕೆಂಪು ಚೆಂಡಿಗೆ ಬೆಳ್ಳಿ ಅಥವಾ ಚಿನ್ನದ ಬಣ್ಣದ ಪೇಂಟ್ ಮಾರ್ಕರು, ಬಿಳಿಯ ಚೆಂಡಿಗೆ ಕಪ್ಪು. ಹೊಳಪಿನ ಛಾಯಾಚಿತ್ರದ ಮೇಲೆ ಫೌಂಟನ್ ಪೆನ್ನಿನ ನೀರುಮಸಿ ನಿಲ್ಲದೆ ಹನಿಗಟ್ಟುತ್ತದೆ. ಅಲ್ಲಿ ಮಾರ್ಕರೇ ಬೇಕು. ಅಂಗಿಯಾದರೆ ಒಳಗೆ ರಟ್ಟು ಇಟ್ಟು, ಬಟ್ಟೆಯನ್ನು ಬಿಗಿಹಿಡಿದು, ಬಟ್ಟೆಗೆಂದೇ ಮಾಡಿದ ಪೆನ್ನಿನಿಂದ ಬರೆಯಿಸಬೇಕು. ರುಜುವಿನ ಮೇಲೆ ವಾರ್ನಿಷ್ ಬಳಿಯುವುದು ಅಪಾಯ. ಅದರ ದ್ರಾವಕ ಮಸಿಯನ್ನೇ ಕರಗಿಸೀತು. ಎಲ್ಲಕ್ಕೂ ಮಿಗಿಲಾಗಿ ಬಿಸಿಲಿನಿಂದ ದೂರವಿಡಿ.

ಅಳಿಯದ ಮಸಿಯೆಂದರೆ ಮೈಸೂರೇ ನೆನಪಾಗುತ್ತದೆ. 1937ರಲ್ಲಿ ಅರಗು ಮತ್ತು ಬಣ್ಣದ ಕಾರ್ಖಾನೆಯಾಗಿ ಹುಟ್ಟಿದ ಸಂಸ್ಥೆ, 1962ರ ಮಹಾಚುನಾವಣೆಯಿಂದ ಮತದಾರರ ಬೆರಳಿಗೆ ಮಸಿ ಒದಗಿಸುತ್ತ ಬಂದಿದೆ. ಬೆಳ್ಳಿಯ ಲವಣ ಬೆರೆತ ಆ ಮಸಿಯನ್ನು ಬೆಳಕು ಮಾಸಿಸುವುದಿಲ್ಲ, ಇನ್ನಷ್ಟು ಕಪ್ಪಾಗಿಸುತ್ತದೆ. ಆದರೂ ಕೆಲವು ವಾರಗಳಲ್ಲಿ ಆ ಗುರುತು ಹೋಗುತ್ತದೆ, ಏಕೆಂದರೆ ಉಗುರೇ ಬೆಳೆದು ಸಾಗುತ್ತದೆ. ಮಸಿಯೊಂದೇ ಗಟ್ಟಿಯಾದರೆ ಸಾಲದು. ಅದನ್ನು ಹೊತ್ತ ಮೈಯೂ ನಿಲ್ಲಬೇಕು.

ಕುಂತೂರಿನ ದಾಂಡು ಈಗ ಕಿಟಕಿಯ ಎದುರಿಗಿಲ್ಲ, ಹತ್ತಿಬಟ್ಟೆ ಸುತ್ತಿಕೊಂಡು ಪೆಟ್ಟಿಗೆಯಲ್ಲಿದೆ. ಕಳೆದ ಬಾರಿ ಹೋದಾಗ ಮನೆಯ ಹುಡುಗನೊಬ್ಬ ಅದನ್ನು ಹೊರಕ್ಕೆ ತಂದು, ಬೆಳಕಿಗೆ ಓರೆಯಾಗಿ ಹಿಡಿದು, ಆ ಒಂದು ಹೆಸರನ್ನು ಬೆರಳಿನಿಂದ ಸವರುತ್ತ ಅಕ್ಷರ ಅಕ್ಷರವಾಗಿ ಓದಿದ.