ಪಟ್ಟಂದೂರಿನ ಕೆರೆಶಾಸನ ಮತ್ತು ದುರಸ್ತಿಯ ಹಣದ ಪ್ರಶ್ನೆ

ಬೆಂಗಳೂರಿನ ಪೂರ್ವದಿಕ್ಕಿನ ಕಾಡುಗೋಡಿಯಲ್ಲಿ ದೊರೆತಿರುವ ಕ್ರಿ.ಶ. 1043ರ ತಮಿಳು ಶಾಸನವು ರಾಜೇಂದ್ರ ಚೋಳನ ಆಳ್ವಿಕೆಗೆ ಸೇರಿದುದು. ಪೆರ್ಮಾಡಿ ಗಾವುಂಡನ ಮಗ ರಾಜರಾಜ ವೇಳಾನನು ಪಟ್ಟಂದೂರಿನ ಕೆರೆಯನ್ನು ಕಟ್ಟಿಸಿ, ತೂಬುಗಳನ್ನು ಇಡಿಸಿ, ದುರ್ಗೆ, ಗಣಪತಿ, ಕ್ಷೇತ್ರಪಾಲರಿಗೆ ಗುಡಿ ಮಾಡಿಸಿದನೆಂದು ಅದು ತಿಳಿಸುತ್ತದೆ. ಚೋಳರ ಆಡಳಿತ ಈ ಭಾಗಕ್ಕೂ ವ್ಯಾಪಿಸಿತ್ತೆಂಬುದಕ್ಕೆ ಇದು ಆಧಾರ. ಆದರೆ ಜಾನಪದ ಅಧ್ಯಯನದ ದೃಷ್ಟಿಯಿಂದ ಗಮನಾರ್ಹವಾದುದು ಬೇರೆ: ಕೆರೆ, ತೂಬು, ಕಾವಲು ದೈವ ಇವು ಒಂದೇ ಬರಹದಲ್ಲಿ ಒಟ್ಟಿಗೆ ದಾಖಲಾಗಿವೆ. ಕಟ್ಟಿದ್ದನ್ನು ಕಾಯುವವರೂ ಬೇಕೆಂಬ ತಿಳಿವಳಿಕೆ ಇದರ ಹಿಂದಿದೆ.

ಮಣ್ಣೇರಿಯ ಕೆರೆ ಒಮ್ಮೆ ಕಟ್ಟಿ ಮರೆಯುವಂಥದಲ್ಲ. ಹೂಳು ತುಂಬುತ್ತದೆ, ಏರಿ ಕುಸಿಯುತ್ತದೆ, ತೂಬು ಸೋರುತ್ತದೆ. ಈ ಖರ್ಚಿಗೆ ಕನ್ನಡ ಶಾಸನಗಳು ಕಾಣಿಸಿದ ದಾರಿ ಕಟ್ಟುಗೊಡಗೆ, ಬಿತ್ತುವಟ್ಟ, ದಶವಂದ. ಕೆರೆಯ ನೀರು ಉಣ್ಣುವ ಗದ್ದೆಯ ಒಂದು ಪಾಲನ್ನೇ ಕೆರೆಯ ಕೆಲಸಕ್ಕೆ ಬಿಡುವುದು ಇದರ ತಿರುಳು. ಮಣ್ಣು ಹೊರುವ ಬಂಡಿಗಳ ನಿರ್ವಹಣೆಗೂ ದತ್ತಿ ಬಿಟ್ಟ ಉದಾಹರಣೆಗಳಿವೆ. ತೂಬು ತೆರೆದು ನೀರು ಹಂಚುವ ನೀರುಗಂಟಿಗೂ ಇನಾಮು ಭೂಮಿಯಿತ್ತು. ಹಣವು ಅರಮನೆಯ ಬೊಕ್ಕಸದಿಂದ ಬರಬೇಕಾಗಿರಲಿಲ್ಲ. ಕೆರೆ ತುಂಬಿದರೆ ಅದರ ದುರಸ್ತಿಯ ಹಣವೂ ಬೆಳೆಯುತ್ತಿತ್ತು.

ಈ ವ್ಯವಸ್ಥೆಯನ್ನು ಸುವರ್ಣಯುಗವೆಂದು ಬಣ್ಣಿಸುವುದು ಸಲ್ಲದು. ಕೊಡಗೆ ಭೂಮಿ ಎಷ್ಟೋ ಕಡೆ ಖಾಸಗಿ ಸ್ವತ್ತಿನಂತಾಯಿತು. ನೀರುಗಂಟಿಗಳು ಬಹುಪಾಲು ದಲಿತರು; ವಂಶಪಾರಂಪರ್ಯದ ಚಾಕರಿ ಅವರ ಪಾಲಿಗೆ ಗೌರವವೂ ಹೌದು, ಬಂಧನವೂ ಹೌದು. ನಮ್ಮ ‘ಕೆರೆಗೆ ಹಾರ’ ಕಥನಗೀತೆಯಲ್ಲಿ ಕೆರೆಗೆ ಬಲಿಯಾಗುವವಳು ಮನೆಯ ಸೊಸೆ ಭಾಗೀರಥಿ, ಗೌಡನಲ್ಲ ಎಂಬುದನ್ನೂ ನೆನೆಯಬೇಕು.

ಮೈಸೂರು ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ (1961) ಆ ಬಂಧನವನ್ನು ಕಳಚಿತು, ಅದು ನ್ಯಾಯವೇ. ಚಾಕರಿಯ ಭೂಮಿ ಹುದ್ದೆದಾರರಿಗೆ ಮರುಮಂಜೂರಾಯಿತು. ಆದರೆ ಭೂಮಿಯೊಂದಿಗೆ ಅಂಟಿಕೊಂಡಿದ್ದ ಕೆಲಸ ಯಾರಿಗೂ ಮಂಜೂರಾಗಲಿಲ್ಲ. ಕೆರೆಯ ದುರಸ್ತಿ ಇಲಾಖೆಯ ವಾರ್ಷಿಕ ಆಯವ್ಯಯದ ಒಂದು ಬಾಬತ್ತಾಯಿತು, ಸಿಕ್ಕ ವರ್ಷ ಸಿಕ್ಕಿತು. 1990ರ ದಶಕದಲ್ಲಿ ಅಂತರರಾಷ್ಟ್ರೀಯ ತಂತ್ರಜ್ಞಾನ ಪಾರ್ಕು ಈ ಪ್ರದೇಶಕ್ಕೆ ಬಂದ ಮೇಲೆ ಸುತ್ತಲ ಗದ್ದೆಗಳೂ ಕ್ರಮೇಣ ಇಲ್ಲವಾದವು. ನೀರಿನ ಪಾಲು ಕೊಡಬೇಕಾದ ರೈತನೇ ಇಲ್ಲದ ಕೆರೆಗೆ ಹೂಳೆತ್ತುವವರು ಯಾರು?

ನೆರೆಯ ವರ್ತೂರು ಮತ್ತು ಬೆಳ್ಳಂದೂರು ಕೆರೆಗಳು ಈ ಪ್ರಶ್ನೆಗೆ ದುಬಾರಿ ಉತ್ತರ ಕೊಟ್ಟವು. 2015ರ ವೇಳೆಗೆ ವರ್ತೂರಿನ ನೊರೆ ರಸ್ತೆಗೆ ಹಾರಿತು. 2017ರಲ್ಲಿ ಬೆಳ್ಳಂದೂರು ಕೆರೆಯಲ್ಲಿ ಬೆಂಕಿ ಎದ್ದಿತು. 2018ರ ಡಿಸೆಂಬರಿನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ಇವುಗಳ ಪುನರುಜ್ಜೀವನಕ್ಕಾಗಿ 500 ಕೋಟಿ ರೂಪಾಯಿಗಳನ್ನು ಪ್ರತ್ಯೇಕ ಖಾತೆಯಲ್ಲಿ ತೆಗೆದಿರಿಸುವಂತೆ ರಾಜ್ಯ ಸರ್ಕಾರಕ್ಕೆ ಆದೇಶಿಸಿತು. ಕೆರೆಯ ಹೆಸರಿನಲ್ಲೇ ಹಣ ತೆಗೆದಿಡುವುದು ಬಿತ್ತುವಟ್ಟದ ನೆನಪನ್ನೇ ತರುತ್ತದೆ. ವ್ಯತ್ಯಾಸವಿಷ್ಟೆ: ಬಿತ್ತುವಟ್ಟ ಪ್ರತಿ ಸುಗ್ಗಿಗೂ ಮರಳಿ ತುಂಬುತ್ತಿತ್ತು.

2023ರ ಮಾರ್ಚಿನಲ್ಲಿ ಆರಂಭವಾದ ಮೆಟ್ರೋ ನಿಲ್ದಾಣದ ಫಲಕದ ಮೇಲೆ ಈಗ ‘ಪಟ್ಟಂದೂರು ಅಗ್ರಹಾರ’ ಎಂದಿದೆ.