ಕೊಳೆನೀರನ್ನು ತಿಳಿಗೊಳಿಸುವವರಾರು?

ಭದ್ರಾವತಿಯ ಹಳೆನಗರದಲ್ಲಿ (ಜನರ ಬಾಯಲ್ಲಿ ಓಲ್ಡ್ ಟೌನು) ಬಾಲ್ಯವನ್ನು ಕಳೆದ ನಮಗೆ ಹೊಳೆಯ ದಡವೇ ಎರಡನೆಯ ಪಾಠಶಾಲೆಯಾಗಿದ್ದಿತು. ಅಲ್ಲಿ ಕುಳಿತು ಅಮರಕೋಶವನ್ನು ಬಾಯಿಪಾಠ ಮಾಡುತ್ತಿದ್ದೆವು. ಅದರಲ್ಲಿ ನೀರಿಗೆ ಹೇಳಿರುವ ಹೆಸರುಗಳಲ್ಲಿ ಜೀವನವೆಂಬುದೂ ಒಂದು. ನೀರಿನಿಂದ ಪ್ರಾಣಿಗಳು ಬದುಕುವುದರಿಂದ ಆ ಹೆಸರೆಂದು ಗುರುಗಳು ಅರ್ಥ ಹೇಳಿದರು. ನೀರಿನೊಳಗಿನ ಕಾಣದ ಜೀವಗಳೇ ನೀರನ್ನು ಶುದ್ಧಿಗೊಳಿಸುತ್ತವೆಯೆಂಬುದು ನನಗೆ ತಿಳಿದದ್ದು ಬಹುಕಾಲದ ಮೇಲೆ.

ಈ ಊರಿನಲ್ಲಿ 1918ರಲ್ಲಿ ಕಬ್ಬಿಣದ ಕಾರ್ಖಾನೆಯೂ 1936ರಲ್ಲಿ ಕಾಗದದ ಕಾರ್ಖಾನೆಯೂ ಸ್ಥಾಪಿತವಾದುವು. ಊರು ಬೆಳೆಯಿತು, ಊರಿನ ಕೊಳೆಯೂ ಬೆಳೆಯಿತು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು 2018ರಲ್ಲಿ ಎಣಿಸಿದ ಕರ್ಣಾಟಕದ ಹದಿನೇಳು ಮಲಿನ ನದಿಗಳಲ್ಲಿ ತುಂಗೆಯೂ ಭದ್ರೆಯೂ ಸೇರಿದ್ದುವು. ಆದುದರಿಂದ ಕೊಳೆನೀರನ್ನು ತಿಳಿಗೊಳಿಸುವವರಾರೆಂಬ ಪ್ರಶ್ನೆಯು ನಮಗೆ ಕೇವಲ ಪಂಡಿತರ ಚರ್ಚೆಯಲ್ಲ.

ಈ ಪ್ರಶ್ನೆಯನ್ನು ಬೆಂಗಳೂರಿಗೆ ತಂದವರು ಗಿಲ್ಬರ್ಟ್ ಫೌಲರ್ ಎಂಬ ಆಂಗ್ಲ ರಸಾಯನಜ್ಞರು. ಇವರು ಮೊದಲು ಮ್ಯಾಂಚೆಸ್ಟರ್ ನಗರದ ಕೊಳೆನೀರಿನ ವಿಷಯದಲ್ಲಿ ದುಡಿಯುತ್ತಿದ್ದರು. 1912ರಲ್ಲಿ ಅಮೆರಿಕೆಗೆ ಹೋಗಿ, ಲಾರೆನ್ಸ್ ಪ್ರಯೋಗಶಾಲೆಯಲ್ಲಿ ಕೊಳೆನೀರಿಗೆ ಗಾಳಿಯೂದುವ ಪ್ರಯೋಗಗಳನ್ನು ಕಂಡುಬಂದರು. ಮರುವರ್ಷ ಕಲ್ಲಿದ್ದಲ ಗಣಿಯ ನೀರಿನಲ್ಲಿ ದೊರೆತ, ಕಬ್ಬಿಣವನ್ನು ಬೇರ್ಪಡಿಸುವ ಒಂದು ಬ್ಯಾಕ್ಟೀರಿಯವನ್ನೂ ಸ್ವಲ್ಪ ಕಬ್ಬಿಣದ ಲವಣವನ್ನೂ ಕೊಳೆನೀರಿಗೆ ಬೆರೆಸಿ ಗಾಳಿಯೂದಿ ತಿಳಿನೀರನ್ನು ಪಡೆದರು. (ಕಬ್ಬಿಣದೂರಿನವನಾದ ನನಗೆ ಈ ಸಂಗತಿಯಲ್ಲಿ ತುಸು ಹೆಚ್ಚಿನ ಪ್ರೀತಿ.) ಅವರ ಪ್ರೇರಣೆಯಿಂದ ಆರ್ಡನ್ ಮತ್ತು ಲಾಕೆಟ್ ಎಂಬಿಬ್ಬರು ಮಾಡಿದ ಪ್ರಯೋಗಗಳು 1914ರಲ್ಲಿ ಪ್ರಕಟವಾದುವು. ಬರಿಯ ಗಾಳಿಯೂದಿ ಕೊಳೆನೀರನ್ನು ಶುದ್ಧಿಗೊಳಿಸಲು ಮೊದಲ ಸಲ ಸುಮಾರು ಐದು ವಾರಗಳು ಹಿಡಿದುವಂತೆ. ತಳದಲ್ಲಿ ನಿಂತ ಕೆಸರನ್ನು ಚೆಲ್ಲದೆ, ಅದರ ಮೇಲೆಯೇ ಹೊಸ ಕೊಳೆನೀರನ್ನು ಸುರಿದು ಮತ್ತೆ ಮತ್ತೆ ಗಾಳಿಯೂದಲು, ಅದೇ ಕೆಲಸವು ಕಡೆಗೆ ಒಂದು ದಿನದೊಳಗೇ ಮುಗಿಯಿತು! ನಮ್ಮ ಹೆಂಗಸರು ಹಾಲಿಗೆ ಹೆಪ್ಪುಹಾಕುವ ಮರ್ಮವೂ ಇದೇ ಅಲ್ಲವೆ? ಆ ಕೆಸರಿಗೆ ಆಕ್ಟಿವೇಟೆಡ್ ಸ್ಲಡ್ಜ್, ಎಂದರೆ ಚೇತನಗೊಂಡ ಕೆಸರು ಎಂದು ಹೆಸರಾಯಿತು.

ಫೌಲರರು 1916ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಪ್ರಾಧ್ಯಾಪಕರಾಗಿ ಬಂದರು. 1921ರಲ್ಲಿ ಅಲ್ಲಿ ಜೀವರಸಾಯನ ವಿಭಾಗವು ಹುಟ್ಟಿತು. ಅವರ ತರುವಾಯವೂ ಆ ವಿಭಾಗದಲ್ಲಿ ಕೊಳೆನೀರಿನ ಅಭ್ಯಾಸವು ನಿಲ್ಲಲಿಲ್ಲ.

ಅಲ್ಲಿ ಈ ಕೆಲಸಕ್ಕೆ ಕೈಹಾಕಿದವರು ಎಸ್. ಸಿ. ಪಿಳ್ಳೈ ಅವರು, ಮಾರ್ಗದರ್ಶಕರು, ಮುಂದೆ 1950ರಲ್ಲಿ ಮೈಸೂರಿನ ಆಹಾರ ಸಂಶೋಧನಾಲಯಕ್ಕೆ ಮೊದಲ ನಿರ್ದೇಶಕರಾದ ವಿ. ಸುಬ್ರಹ್ಮಣ್ಯನ್ ಅವರು. ಕೆಸರಿನ ಚೇತನವೆಂದರೆ ಬ್ಯಾಕ್ಟೀರಿಯವೆಂದೇ ಲೋಕವು ನಂಬಿತ್ತು. ಇವರಿಬ್ಬರೂ 1942ರಲ್ಲಿಯೂ 1944ರಲ್ಲಿಯೂ ನೇಚರ್ ಪತ್ರಿಕೆಯಲ್ಲಿ ಬೇರೆಯ ಮಾತನ್ನು ಹೇಳಿದರು. ಪ್ರೋಟೋಜೋವ ಎಂಬ ಏಕಕೋಶಜೀವಿಗಳಿಲ್ಲದ ಕೊಳೆನೀರಿಗೆ ಎಷ್ಟು ಗಾಳಿಯೂದಿದರೂ ಶುದ್ಧಿಯು ದುರ್ಬಲ. ಅವಿದ್ದರೆ ನೀರು ತಿಳಿಯಾಗುತ್ತದೆ. ಆದುದರಿಂದ ಮುಖ್ಯ ಕರ್ತೃಗಳು ಇವೇ, ಎಂದು. ಅವರು ವಿಶೇಷವಾಗಿ ಎತ್ತಿಹಿಡಿದದ್ದು ಎಪಿಸ್ಟೈಲಿಸ್ ಎಂಬ ಜೀವಿ. ಇದು ಕವಲೊಡೆದ ತೊಟ್ಟಿನ ತುದಿಗಳಲ್ಲಿ ಗಂಟೆಗಳನ್ನು ತೂಗಹಾಕಿದಂತೆ ಗೊಂಚಲಾಗಿ ನಿಂತು, ಬಾಯಿಯ ಸುತ್ತಲಿನ ನವಿರುರೋಮಗಳನ್ನು ಬೀಸಿ ಸುಳಿಯೆಬ್ಬಿಸಿ, ನೀರಿನಲ್ಲಿ ತೇಲುವ ಬ್ಯಾಕ್ಟೀರಿಯಗಳನ್ನು ನುಂಗುತ್ತದೆ.

ಈ ಮಾತನ್ನು ಎಲ್ಲರೂ ಒಪ್ಪಲಿಲ್ಲ. ಒಪ್ಪದಿದ್ದದ್ದು ಪೂರ್ತಿ ಅನ್ಯಾಯವೂ ಅಲ್ಲ. ಕರಗಿದ ಕಶ್ಮಲವನ್ನು ತಿಂದು ಅರಗಿಸುವ ಹೆಚ್ಚಿನ ಹೊರೆ ಬ್ಯಾಕ್ಟೀರಿಯಗಳದ್ದೇ ಎಂದು ಇಂದಿನ ಶಾಸ್ತ್ರವು ಹೇಳುತ್ತದೆ. ನಮ್ಮವರು ಹೇಳಿದ್ದೆಲ್ಲವೂ ನಿಜವೆಂದು ಸಾಧಿಸುವ ಅಭಿಮಾನವು ನನಗೆ ಹಿಡಿಸದು. ಆದರೆ 1968ರಲ್ಲಿ ಇಂಗ್ಲೆಂಡಿನಲ್ಲಿ ಕರ್ಡ್ಸ್ ಮತ್ತು ಸಂಗಡಿಗರು ಸಣ್ಣ ತೊಟ್ಟಿಗಳಲ್ಲಿ ಪರೀಕ್ಷಿಸಿದಾಗ, ರೋಮವುಳ್ಳ ಈ ಜೀವಿಗಳಿಲ್ಲದ ಕಡೆ ಹೊರಬಂದ ನೀರು ಕದಡಿಯೇ ಇದ್ದಿತು. ಅವನ್ನು ಬಿಟ್ಟಮೇಲೆ ತಿಳಿಯಾಯಿತು. ಬೆಂಗಳೂರಿನವರು ಕರ್ತೃತ್ವವನ್ನು ಅಳೆಯುವುದರಲ್ಲಿ ತಪ್ಪಿದ್ದರು. ಕಣ್ಣಿಂದ ಕಂಡದ್ದರಲ್ಲಿ ತಪ್ಪಿರಲಿಲ್ಲ. ಇಪ್ಪತ್ತಾರು ವರ್ಷಗಳ ಹಿಂದೆಯೇ ಕಂಡಿದ್ದರೆಂಬುದನ್ನು ನಮ್ಮ ಶಾಲೆಯ ಯಾವ ಪಾಠಪುಸ್ತಕದಲ್ಲಿಯೂ ನಾನು ಓದಿಸಲಿಲ್ಲ, ಏಕೆಂದರೆ ಅದು ಅವುಗಳಲ್ಲಿ ಇರಲೇ ಇಲ್ಲ.

ಈಗ ಕೊಳೆನೀರಿನ ಶುದ್ಧೀಕರಣ ಘಟಕಗಳಲ್ಲಿ ಕೆಲಸ ಬಲ್ಲವರು ಕೆಸರಿನ ಒಂದು ಹನಿಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು, ತೊಟ್ಟಿನ ಮೇಲೆ ನಿಂತ ಆ ಗಂಟೆಗಳು ಕಾಣುತ್ತವೆಯೇ ಎಂದು ನೋಡುತ್ತಾರೆ. ಹೇರಳವಾಗಿ ಕಂಡರೆ ತೊಟ್ಟಿಯು ಸರಿಯಾಗಿ ನಡೆಯುತ್ತಿದೆಯೆಂದು ತಿಳಿಯುತ್ತಾರೆ.